ಲಸಿಕೆ ಗಂಟಿಗೆ ಬರೆ ಬೇಡ

ಮಲವಗೊಪ್ಪದ ಸುತ್ತ ಒಂದೆರಡು ಹಸು ಕಟ್ಟಿ ಡೈರಿಗೆ ಹಾಲು ಹಾಕುವವರಿದ್ದಾರೆ. ಲಸಿಕೆ ಹಾಕಿಸಿದ ಮೇಲೆ ಕುತ್ತಿಗೆಯಲ್ಲಿ ನಿಂಬೆಕಾಯಿಯಷ್ಟು ಗಂಟು ಕಂಡರೆ "ಸೂಜಿ ನಂಜಾಯ್ತು" ಅಂತ ಹೆದರಿ, ಮುಂದಿನ ಸಲ ಲಸಿಕೆಯೇ ಬೇಡ ಅನ್ನುವುದುಂಟು. ಗಂಟು ಯಾಕೆ ಬರುತ್ತೆ ಅಂತ ತಿಳಿದುಕೊಂಡರೆ ಒಳ್ಳೇದು.

ಗಂಟು ಯಾಕೆ?

ಗಳಲೆ, ಚಪ್ಪೆ ರೋಗದ ಲಸಿಕೆಯಲ್ಲಿರುವುದು ಸತ್ತ ರೋಗಾಣು. ಅದನ್ನಷ್ಟೇ ಚುಚ್ಚಿದರೆ ರೋಗ ತಡೆಯುವ ಶಕ್ತಿ ಸಾಕಷ್ಟು ಬರೋದಿಲ್ಲ. ಅದಕ್ಕೇ ಪಟಿಕ ಇಲ್ಲವೆ ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಎಂಬ ಬಿಳಿ ಲೋಳೆ ಬೆರೆಸುವ ಪದ್ಧತಿ. ಕದಡಿದ ನೀರಿಗೆ ಪಟಿಕ ಹಾಕಿದರೆ ಮಣ್ಣು ಒಟ್ಟುಗೂಡಿ ತಳಕ್ಕಿಳಿಯುತ್ತಲ್ಲ, ಹಾಗೆ ರೋಗಾಣುವಿನ ಅಂಶ ಇದಕ್ಕೆ ಅಂಟಿಕೊಳ್ಳುತ್ತದೆ. ಪಟಿಕದಿಂದ ಲಸಿಕೆಯ ಬಲ ಹೆಚ್ಚುವುದನ್ನು 1926ರಲ್ಲಿ ಇಂಗ್ಲೆಂಡಿನ ಗ್ಲೆನಿ ಗಂಟಲಮಾರಿ ಲಸಿಕೆಯಲ್ಲಿ ತೋರಿಸಿದರು.

ಅಲ್ಯೂಮಿನಿಯಂ ಕೆರಳಿಸಿದ ಜಾಗಕ್ಕೆ ಬಿಳಿರಕ್ತಕಣ ಮುತ್ತಿ ಅದನ್ನು ನುಂಗುತ್ತವೆ. ಸುತ್ತ ನಾರು ಕಟ್ಟುತ್ತದೆ. ಇದೇ ಗಂಟು. ಕರಗಲು ವಾರಗಳು, ಕೆಲವಕ್ಕೆ ತಿಂಗಳುಗಳೇ ಹಿಡಿಯುತ್ತವೆ. ಎಣ್ಣೆ ಬೆರೆಸಿದ ಕಾಲುಬಾಯಿ ಲಸಿಕೆಯಲ್ಲೂ ಗಂಟು ಬರುವುದುಂಟು.

ಯಾವುದಕ್ಕೆ ಹೆದರಬೇಕು?

ಗಂಟು ಗಟ್ಟಿಯಾಗಿದ್ದು, ಮುಟ್ಟಿದರೆ ದನ ಒದ್ದಾಡದೆ ಚೆನ್ನಾಗಿ ಮೇಯುತ್ತಿದ್ದರೆ ಚಿಂತೆಯಿಲ್ಲ. ದಿನೇದಿನೇ ದೊಡ್ಡದಾದರೆ, ಬಿಸಿಯಾಗಿ ಮೆತ್ತಗಾದರೆ, ಜ್ವರ ಬಂದು ಮೇವು ಬಿಟ್ಟರೆ ಕೀವಾಗಿರಬಹುದು. ಕೂಡಲೇ ಪಶುವೈದ್ಯರನ್ನು ಕರೆಸಿ. ಮೈತುಂಬ ಗಂಟೆದ್ದು ಜ್ವರ ಬಂದರೆ ಅದು ಚರ್ಮಗಂಟು ರೋಗ ಇರಬಹುದು, ತಡ ಮಾಡಬೇಡಿ.

ನಾವು ಗಮನಿಸಬೇಕಾದ್ದು

* ಗಂಟನ್ನು ಹಿಸುಕಬೇಡಿ, ಕೊಯ್ಯಬೇಡಿ. ಬರೆ, ಸುಣ್ಣ ಬೇಡ. ಚರ್ಮ ಒಡೆದರೆ ಇಲ್ಲದ ಕೀವು ಬರುತ್ತದೆ.
* ಬಾಟಲಿ ಚೆನ್ನಾಗಿ ಕುಲುಕಿಸಿ ಸಿರಿಂಜಿಗೆ ತೆಗೆಯಲಿ. ಲೋಳೆ ತಳಕ್ಕೆ ಕೂತಿದ್ದರೆ ಒಂದು ದನಕ್ಕೆ ಹೆಚ್ಚು, ಇನ್ನೊಂದಕ್ಕೆ ಬರೀ ನೀರು ಹೋಗುತ್ತದೆ.
* ಲಸಿಕೆ 2ರಿಂದ 8 ಡಿಗ್ರಿ ತಂಪಿನಲ್ಲಿರಬೇಕು. ಹಾಗಂತ ಬಾಟಲಿಯನ್ನು ನೇರ ಐಸಿಗೆ ತಾಗಿಸಬಾರದು. ಅಲ್ಯೂಮಿನಿಯಂ ಲಸಿಕೆ ಒಮ್ಮೆ ಹೆಪ್ಪುಗಟ್ಟಿದರೆ ಕಾಳುಕಾಳಾಗಿ ಬಲ ಕಳೆದುಕೊಳ್ಳುತ್ತದೆ.
* ಒಂದೊಂದು ದನಕ್ಕೂ ಸೂಜಿ ಬದಲಾಗಲಿ. ಸಗಣಿ ಮೆತ್ತಿದ ಜಾಗ ಒರೆಸಿಡಿ.
* ಯಾವ ಮಗ್ಗುಲಿಗೆ ಚುಚ್ಚಿದ್ದು ಅಂತ ಬರೆದಿಡಿ. ಮುಂದಿನ ಸಲ ಇನ್ನೊಂದು ಮಗ್ಗುಲಿಗೆ ಹಾಕಲು ಹೇಳಿ.

ಹಾಲು ಒಂದೆರಡು ದಿನ ಸ್ವಲ್ಪ ಇಳಿಯಬಹುದು, ನಿಜ. ಆದರೆ 2013ರಲ್ಲಿ ಕಾಲುಬಾಯಿ ಜ್ವರಕ್ಕೆ ನಮ್ಮ ರಾಜ್ಯದಲ್ಲಿ ಸಾವಿರಾರು ದನ ಸತ್ತವು, ಉಳಿದವುಗಳಲ್ಲೂ ಎಷ್ಟೋ ಹಾಲಿಗೆ ಬರಲಿಲ್ಲ. ಗಂಟಿನ ನೆಪ ಹೇಳಿ ಲಸಿಕೆ ತಪ್ಪಿಸಬೇಡಿ.