ಮೊಂತಿ ಹಬ್ಬದ ತರಕಾರಿ ಮತ್ತು ಹಿತ್ತಿಲಿನ ಹಾಳೆ



ಸೆಪ್ಟೆಂಬರ್ 8 ಮಾತೆ ಮರಿಯಮ್ಮನವರ ಜನನದ ಹಬ್ಬ. ಅಂದು ಆಶೀರ್ವದಿಸಿದ ಹೊಸ ತೆನೆಯನ್ನು ಮನೆಗೆ ಒಯ್ದು, ಕುಟುಂಬದವರೆಲ್ಲ ಒಟ್ಟಾಗಿ ಕುಳಿತು ತರಕಾರಿಯ ಊಟ ಮಾಡುವುದು ನಮ್ಮ ಹಿರಿಯರಿಂದ ಬಂದ ಪದ್ಧತಿ. ತರಕಾರಿಗಳ ಸಂಖ್ಯೆ ಮೂರು, ಐದು, ಏಳು ಹೀಗೆ ಬೆಸವಾಗಿರಬೇಕು. ಹಿಂದೆ ಇವೆಲ್ಲ ಹಿತ್ತಿಲಿನಿಂದಲೇ ಬರುತ್ತಿದ್ದವು. ಈಗ ಹಬ್ಬದ ಮುನ್ನಾದಿನ ಪೇಟೆಯಲ್ಲಿ ಚೀಲ ಹಿಡಿದು ನಿಂತವರಲ್ಲಿ ನಮ್ಮವರೇ ಹೆಚ್ಚು. ಹೊಸ ಫಲಕ್ಕಾಗಿ ದೇವರಿಗೆ ಕೃತಜ್ಞತೆ ಹೇಳುವ ದಿನ ನಾವು ಬೆಳೆಸಿದ್ದೇನೂ ಬಟ್ಟಲಲ್ಲಿ ಇಲ್ಲದಿದ್ದರೆ ಹಬ್ಬದ ಅರ್ಥ ಅಷ್ಟರಮಟ್ಟಿಗೆ ಕಡಿಮೆಯಾಯಿತು ಎಂದೇ ಹೇಳಬೇಕು.

ಕ್ಯಾಲೆಂಡರನ್ನು ಹಿಂದಕ್ಕೆ ಎಣಿಸೋಣ. ಸ್ನಾನಿಕ ಸಂತ ಯೋವಾನ್ನರ ಹಬ್ಬ ಜೂನ್ 24. ಅಲ್ಲಿಂದ ಮೊಂತಿ ಹಬ್ಬಕ್ಕೆ 76 ದಿನ. ಬೆಂಡೆ ಬಿತ್ತಿದ 45-50 ದಿನಗಳಲ್ಲಿ ಕೊಯ್ಲಿಗೆ ಬರುತ್ತದೆ. ಅಲಸಂಡೆ, ಹೀರೆಗಳಿಗೆ 50-60 ದಿನ ಸಾಕು. ಹಾಗಾದರೆ ಸಮಯವಿದೆ, ತೊಡಕು ಇರುವುದು ಮಳೆಯಲ್ಲಿ.

ನಮ್ಮ ಮಳೆ, ನಮ್ಮ ಮಣ್ಣು

ಅರಬ್ಬೀ ಸಮುದ್ರದಿಂದ ಬರುವ ನೈಋತ್ಯ ಗಾಳಿ ಘಟ್ಟಕ್ಕೆ ತಗಲಿ ಮೇಲೇರುವಾಗ ತಣಿದು ಮಳೆಯಾಗುತ್ತದೆ. ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ; ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಒಂದು ಚದರ ಮೀಟರ್ ಜಾಗಕ್ಕೆ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್ ನೀರು. ಅಂದರೆ ಚಾಪೆಯಗಲದ ಒಂದು ಮಡಿಯ ಮೇಲೆ ವರ್ಷಕ್ಕೆ 3500 ಲೀಟರ್ ನೀರು ಸುರಿಯುತ್ತದೆ. ನಮ್ಮ ಮುರಕಲ್ಲು ಮಣ್ಣಿನ ಸತ್ವವನ್ನು ಈ ನೀರು ತೊಳೆದು ಒಯ್ಯುತ್ತದೆ, ಮಣ್ಣು ಹುಳಿಯಾಗುತ್ತದೆ.

ಮಳೆ ದಿನಾಂಕ ನೋಡಿ ಬರುವುದಿಲ್ಲ. ಕೇರಳಕ್ಕೆ ಮುಂಗಾರು ಮುಟ್ಟುವ ವಾಡಿಕೆಯ ದಿನ ಜೂನ್ 1. ಆದರೆ 2023ರಲ್ಲಿ ಅದು ಜೂನ್ 8ಕ್ಕೆ ಬಂತು. 2025ರಲ್ಲಿ ಮೇ 24ಕ್ಕೇ ಬಂತು. ಆದ್ದರಿಂದ ಮಡಿಯ ಕೆಲಸವನ್ನು ಮೇ ತಿಂಗಳ ನಡುವೆಯೇ ಮುಗಿಸುವುದು ಜಾಣತನ.

ಮಾಡಬೇಕಾದದ್ದು

1. ಒಂದು ಸೆಂಟ್ಸ್ ಜಾಗಕ್ಕೆ ಎರಡರಿಂದ ಮೂರು ಕಿಲೋ ಸುಣ್ಣದ ಹುಡಿ ಹಾಕಿ ಮಣ್ಣಿನಲ್ಲಿ ಬೆರೆಸಿರಿ. ಹತ್ತು ಹದಿನೈದು ದಿನ ಕಳೆದ ಮೇಲೆ ಒಣ ಹಟ್ಟಿಗೊಬ್ಬರ ಸೇರಿಸಿರಿ. ಎರಡನ್ನೂ ಒಟ್ಟಿಗೆ ಹಾಕಿದರೆ ಗೊಬ್ಬರದ ಸಾರಜನಕ ಗಾಳಿಗೆ ಹಾರಿಹೋಗುತ್ತದೆ.

2. ಮಡಿ ಒಂದು ಅಡಿ ಎತ್ತರವಿರಲಿ, ನಡುವೆ ನೀರು ಹರಿದುಹೋಗುವ ಕಣಿ ಇರಲಿ. ಗಿಡಗಳು ಸಾಯುವುದು ಮಳೆಯಿಂದಲ್ಲ, ಬುಡದಲ್ಲಿ ನಿಂತ ನೀರಿನಿಂದ ಬೇರಿಗೆ ಗಾಳಿಯಿಲ್ಲದೆ.

3. ಬೆಂಡೆಯನ್ನು ಮುಂಗಾರಿನ ಮೊದಲ ಹನಿಗೇ ಬಿತ್ತಿರಿ. ದೊಡ್ಡ ಮಳೆಗೆ ಮುಂಚೆ ಗಿಡ ಗೇಣುದ್ದ ಆಗಿರಬೇಕು. ಹಬ್ಬಕ್ಕಾಗಿ ಮತ್ತೊಂದು ಸಾಲನ್ನು ಜೂನ್ ಕೊನೆಗೆ, ಮಳೆ ಬಿಟ್ಟ ದಿನ ನೋಡಿ ಹಾಕಿರಿ. ಹೀರೆ, ಹಾಗಲ, ಪಡುವಲಗಳಿಗೆ ಚಪ್ಪರ ಬೇಕು. ಕೆಸು, ಸುವರ್ಣಗೆಡ್ಡೆಗಳಿಗೆ ಮಳೆಯ ಭಯವಿಲ್ಲ. ಹರಿವೆ ಜಡಿಮಳೆಗೆ ಕೊಳೆಯುತ್ತದೆ. ಅದನ್ನು ಸೆಪ್ಟೆಂಬರ್ ಕಳೆದ ಮೇಲೆ ಹಾಕುವುದು ಒಳ್ಳೆಯದು.

4. ಜಡಿಮಳೆಯಲ್ಲಿ ಗೊಬ್ಬರ ಹಾಕಿದರೆ ಅದು ತೋಡಿಗೆ ಹೋಗುತ್ತದೆ. ಮಳೆಯ ಬಿಡುವಿನಲ್ಲಿ ಸ್ವಲ್ಪ ಸ್ವಲ್ಪವಾಗಿ ಕೊಡಿರಿ. ಸುಡುಮಣ್ಣಿದ್ದರೆ ಬುಡಕ್ಕೆ ಏರಿಸಿರಿ.

5. ಹೀರೆ, ಹಾಗಲಗಳ ಮಿಡಿಗೆ ಕಾಗದದ ಚೀಲ ಕಟ್ಟಿದರೆ ಹಣ್ಣುನೊಣ ಮೊಟ್ಟೆಯಿಡಲಾರದು. ಬಿದ್ದ ಹುಳುಕು ಕಾಯಿಗಳನ್ನು ಅಲ್ಲೇ ಬಿಡದೆ ಆಳವಾಗಿ ಹುಗಿಯಿರಿ.

ಹಾಳೆಯೊಳಗಿನ ನೀರು

ಇನ್ನು ಮುಖ್ಯ ವಿಷಯ. ಹೋದ ಮಳೆಗಾಲದಲ್ಲಿ ನಮ್ಮ ಒಂದು ವಾಳೆಯಲ್ಲಿ ಡೆಂಗ್ಯೂ ಜ್ವರ ಹಬ್ಬಿತ್ತು. ಮಲಗಿದವರಿಗೆ ಪರಮಪ್ರಸಾದ ಕೊಡಲು ಹೋದಾಗ ಮನೆಮನೆಯ ಹಿಂದೆ ನಾವು ಕಂಡದ್ದು ಒಂದೇ ನೋಟ: ಅಡಿಕೆ ಮರದಿಂದ ಬಿದ್ದ ಹಾಳೆ, ಅದರೊಳಗೆ ನಿಂತ ಮಳೆನೀರು, ಆ ನೀರಿನಲ್ಲಿ ಕುಣಿಯುವ ಹುಳಗಳು. ಮುಂದಿನ ಆದಿತ್ಯವಾರ ಇದರ ಬಗ್ಗೆ ಪ್ರಸಂಗದಲ್ಲಿ ಸ್ವಲ್ಪ ಖಾರವಾಗಿಯೇ ಮಾತಾಡಿದೆವು. ಪೂಜೆ ಮುಗಿಸಿ ಬಂದು ನಮ್ಮದೇ ಬಂಗ್ಲೆಯ ಹಿತ್ತಿಲಿಗೆ ಹೋಗಿ ನೋಡಿದರೆ ಅಲ್ಲಿಯೂ ಅದೇ! ಏಳು ಹಾಳೆ, ಎರಡು ತೆಂಗಿನ ಗೆರಟೆ, ಒಂದು ಒಡೆದ ಹೂಕುಂಡ. ಇತರರ ಕಣ್ಣಿನ ಕಸ ನಮಗೆ ಬೇಗ ಕಾಣುತ್ತದೆ.

ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆ ಚರಂಡಿಯ ಕೊಳಚೆಯಲ್ಲಿ ಅಲ್ಲ, ಇಂಥ ಸ್ವಚ್ಛ ನೀರಿನಲ್ಲಿ ಬೆಳೆಯುತ್ತದೆ, ಹಗಲಿನಲ್ಲಿ ಕಚ್ಚುತ್ತದೆ. ಮೊಟ್ಟೆ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು. ಆದ್ದರಿಂದ ವಾರಕ್ಕೊಮ್ಮೆ ತಪ್ಪದೆ ಹಾಳೆಗಳನ್ನು ಹೆಕ್ಕಿ, ಕಡಿದು ಮಡಿಗೆ ಮುಚ್ಚಿಗೆ ಹಾಕಿರಿ ಅಥವಾ ಮಾಡಿನ ಕೆಳಗೆ ಒಣಗಿಸಿರಿ. ಗೆರಟೆಗಳನ್ನು ಕವುಚಿ ಇಡಿರಿ. ರಬ್ಬರ್ ತೋಟದವರು ಟ್ಯಾಪಿಂಗ್ ಇಲ್ಲದ ದಿನಗಳಲ್ಲಿ ಕಪ್ಪುಗಳನ್ನು ಮಗುಚಬೇಕು. ಒಬ್ಬರ ಹಿತ್ತಿಲಿನ ಸೊಳ್ಳೆ ನೆರೆಮನೆಯ ಮಗುವನ್ನು ಕಚ್ಚುತ್ತದೆ ಎಂಬುದು ನೆನಪಿರಲಿ.

ಜ್ವರ ಬಂದರೆ

ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ ತೆಗೆದುಕೊಳ್ಳಿರಿ. ಆಸ್ಪಿರಿನ್, ಐಬುಪ್ರೊಫೆನ್‌ಗಳಿಂದ ಡೆಂಗ್ಯೂವಿನಲ್ಲಿ ರಕ್ತಸ್ರಾವ ಹೆಚ್ಚಬಹುದು. ಜ್ವರ ಇಳಿಯಿತೆಂದು ನಿಶ್ಚಿಂತರಾಗಬೇಡಿ. ಅಪಾಯ ಬರುವುದು ಹೆಚ್ಚಾಗಿ ಆಗಲೇ. ತೀವ್ರ ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ಅಥವಾ ಮೂಗಿನಲ್ಲಿ ರಕ್ತ, ವಿಪರೀತ ಸುಸ್ತು ಕಂಡರೆ ಒಂದು ಗಂಟೆಯೂ ಕಾಯದೆ ಆಸ್ಪತ್ರೆಗೆ ಹೋಗಿರಿ. ಪಪ್ಪಾಯಿ ಎಲೆಯ ರಸ ವೈದ್ಯರ ಬದಲಿಯಲ್ಲ.

ಕಾಲಿನಲ್ಲಿ ಗಾಯವಿದ್ದವರು ಬರಿಗಾಲಿನಲ್ಲಿ ಕೆಸರಿಗೆ ಇಳಿಯಬಾರದು. ಇಲಿಯ ಮೂತ್ರ ಬೆರೆತ ನೀರಿನಿಂದ ಇಲಿಜ್ವರ ಬರುತ್ತದೆ. ಜ್ವರದೊಡನೆ ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಅದರ ಲಕ್ಷಣ. ಬೇಗ ಹೋದರೆ ಔಷಧವಿದೆ, ತಡಮಾಡಿದರೆ ಪ್ರಾಣಕ್ಕೆ ಸಂಚಕಾರ. ಗದ್ದೆ, ತೋಡುಗಳಲ್ಲಿ ದುಡಿಯುವವರು ಮುಂಜಾಗ್ರತೆಯ ಮಾತ್ರೆಯ ಬಗ್ಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿರಿ.

ಆದಿತ್ಯವಾರ ಪೂಜೆ ಮುಗಿಸಿ ಮನೆಗೆ ಹೋದಮೇಲೆ ಅರ್ಧ ಗಂಟೆ ಮಕ್ಕಳನ್ನು ಕರೆದುಕೊಂಡು ಹಿತ್ತಿಲಿಗೆ ಸುತ್ತು ಬನ್ನಿರಿ. ಹಾಳೆ ಹೆಕ್ಕುವುದು, ಬೆಂಡೆಯ ಬುಡಕ್ಕೆ ಮಣ್ಣು ಏರಿಸುವುದು ಎರಡೂ ಒಂದೇ ಸುತ್ತಿನಲ್ಲಿ ಮುಗಿಯುತ್ತವೆ. ನಾವೂ ನಮ್ಮ ಬಂಗ್ಲೆಯ ಹಿಂದೆ ಎರಡು ಮಡಿ ಮಾಡಿದ್ದೇವೆ. ಮೊಂತಿ ಹಬ್ಬದ ದಿನ ಪ್ರತಿ ಮನೆಯ ಊಟದಲ್ಲಿ ಒಂದಾದರೂ ಸ್ವಂತ ತರಕಾರಿ ಇರಲಿ, ಊಟಕ್ಕೆ ಕುಳಿತವರಲ್ಲಿ ಯಾರ ಜಾಗವೂ ಖಾಲಿಯಾಗದಿರಲಿ ಎಂದು ಪ್ರಾರ್ಥಿಸುತ್ತೇವೆ.