ಆಟದಲ್ಲಿ ಉಪಾಯವೂ ವಂಚನೆಯೂ

(ಪಾಠಭಾಗ: ಯೆಹೋಶುವನು 9ನೇ ಅಧ್ಯಾಯ, 2 ತಿಮೊಥೆಯನಿಗೆ 2:5)

ಬೋರ್ಡಿಂಗಿನಲ್ಲಿ ಓದುವ ನಮ್ಮ ಹುಡುಗರು ರಜೆಗೆ ಬಂದಾಗ ಬಾಸ್ಕೆಟ್‌ಬಾಲ್ ಆಟದ ಸಂಗತಿಗಳನ್ನು ಹೇಳುವದುಂಟು. ಎದುರು ಪಕ್ಷದವರನ್ನು ಮರುಳುಮಾಡಿ ಗೆಲ್ಲುವದು ಜಾಣತನವೋ ಪಾಪವೋ ಎಂದು ಅವರು ಕೇಳಿದರೆ ನಾವು ಏನು ಉತ್ತರ ಕೊಡತಕ್ಕದ್ದು?

ಈ ಆಟವನ್ನು 1891ರಲ್ಲಿ ಅಮೇರಿಕದ ಸ್ಪ್ರಿಂಗ್‌ಫೀಲ್ಡ್ ಪಟ್ಟಣದ ವೈ.ಎಂ.ಸಿ.ಎ. ತರಬೇತಿ ಶಾಲೆಯಲ್ಲಿ ಜೇಮ್ಸ್ ನೈಸ್ಮಿತ್ ಎಂಬವರು ಕಲ್ಪಿಸಿದರು. ದೇವಶಾಸ್ತ್ರವನ್ನು ಓದಿದ ಇವರು ಹಣ್ಣಿನ ಬುಟ್ಟಿಗಳೆರಡನ್ನು ಎತ್ತರದಲ್ಲಿ ಕಟ್ಟಿಸಿ, 13 ನಿಯಮಗಳನ್ನು ಬರೆದು, ನೂಕುವದನ್ನೂ ಹೊಡೆಯುವದನ್ನೂ ಕಾಲುಕೊಟ್ಟು ಬೀಳಿಸುವದನ್ನೂ ನಿಷೇಧಿಸಿದರು.

1. ಒಪ್ಪಿಗೆಯಾದ ಉಪಾಯ. ಚೆಂಡನ್ನು ಬಲಕ್ಕೆ ಎಸೆಯುವವನಂತೆ ತೋರಿಸಿ ಎಡಕ್ಕೆ ಕೊಡುವದು ನಿಯಮಕ್ಕೆ ವಿರೋಧವಲ್ಲ. ಚಡುಗುಡುವಿನಲ್ಲಿ ಕಾಲನ್ನು ಮುಂದಿಟ್ಟು ಹಿಂತೆಗೆಯುವದೂ ಇಂಥದೇ. ಎದುರಾಳಿಯು ಇದನ್ನು ನಿರೀಕ್ಷಿಸಿಕೊಂಡೇ ಅಂಗಳಕ್ಕೆ ಇಳಿದಿದ್ದಾನೆ. ಆದಕಾರಣ ಇದು ಸುಳ್ಳಲ್ಲ.

2. ನಿಷಿದ್ಧವಾದ ಕಪಟ. ತಾಗದೆಯೇ ತಾಗಿದಂತೆ ಬೀಳುವದು, ಎದುರಾಳಿಯ ಕಣ್ಣ ಮುಂದೆ ಕೈಬೀಸುವದು, ಈಗಿನ ಅಂತರರಾಷ್ಟ್ರೀಯ ನಿಯಮಗಳಲ್ಲಿ ಟೆಕ್ನಿಕಲ್ ಫೌಲ್ ಎಂದು ಎಣಿಸಲ್ಪಡುತ್ತವೆ. ಅದಕ್ಕೆ ದಂಡವಾಗಿ ಎದುರು ಪಕ್ಷಕ್ಕೆ, ಯಾರೂ ಅಡ್ಡಬಾರದ ಹಾಗೆ, ಒಂದು ಎಸೆತವು ದೊರೆಯುತ್ತದೆ.

3. ನಡುವಣ ಸಂಗತಿ. ಅಮೇರಿಕದ ಬಾಲಕರ ಪಂದ್ಯಗಳಲ್ಲಿ ಒಬ್ಬನು ಅಂಬೆಗಾಲಿಟ್ಟು ನಾಯಿಯಂತೆ ಬೊಗಳುತ್ತಾನೆ. ಎಲ್ಲರೂ ಅವನನ್ನು ನೋಡುತ್ತಿರಲಾಗಿ ಅವನ ಜೊತೆಗಾರನು ಚೆಂಡನ್ನು ಬುಟ್ಟಿಗೆ ಹಾಕುತ್ತಾನೆ. ಇದು ಸುಳ್ಳಲ್ಲ, ಹುಡುಗಾಟವೇ ಸರಿ. ಆದರೂ ಇದರಿಂದ ಯಾವ ಕೈಚಳಕವೂ ಬೆಳೆಯದು. ಇದಕ್ಕಿಂತ ಕೆಟ್ಟದ್ದೊಂದುಂಟು. ಕಲಿಸುವ ಹಿರಿಯನೇ ಆಟ ನಿಂತಿತೆಂಬಂತೆ ಕೂಗುತ್ತಾನೆ. ಎದುರು ಪಕ್ಷದ ಮಕ್ಕಳು ಹಿರಿಯರ ಮಾತೆಂದು ನಂಬಿ ನಿಂತುಬಿಡುತ್ತಾರೆ. ಅಷ್ಟರಲ್ಲಿ ಇವನ ಹುಡುಗರು ಗೆಲ್ಲುತ್ತಾರೆ. ಆ ಮಕ್ಕಳು ಸೋತದ್ದು ಆಟ ಬಾರದ್ದರಿಂದಲ್ಲ, ಹಿರಿಯರಿಗೆ ವಿಧೇಯರಾದದ್ದರಿಂದಲೇ! ಚಿಕ್ಕವರ ನಂಬಿಕೆಯನ್ನು ಬಲೆಯಾಗಿ ಮಾಡುವದು ನಿಯಮಪುಸ್ತಕದಲ್ಲಿ ಬರೆದಿರಲಿ ಬರೆಯದಿರಲಿ, ಅನ್ಯಾಯವೇ ಎಂದು ನಾವು ಹೇಳುತ್ತೇವೆ.

ಗಿಬ್ಯೋನ್ಯರನ್ನು ನೆನಸಿರಿ. ಹರಕು ಬಟ್ಟೆಯನ್ನೂ ಒಣಗಿದ ರೊಟ್ಟಿಯನ್ನೂ ತೋರಿಸಿ, ದೂರ ದೇಶದವರೆಂದು ಹೇಳಿ ಪ್ರಮಾಣ ಮಾಡಿಸಿಕೊಂಡರು. ಜೀವ ಉಳಿಯಿತು, ಆದರೆ ಅವರ ಮಾತಿನ ಬೆಲೆ ಉಳಿಯಲಿಲ್ಲ. ಕ್ರಮದ ಪ್ರಕಾರ ಹೋರಾಡದವನಿಗೆ ಕಿರೀಟವಿಲ್ಲವೆಂಬದು ಪೌಲನ ಉಪದೇಶ.

ಹೆತ್ತವರೇ, ಇದು ಬರೀ ಆಟದ ಮಾತೆಂದು ತಳ್ಳಿಬಿಡಬೇಡಿರಿ. ಇಂದು ಅಂಗಳದಲ್ಲಿ ನಂಬಿದವನನ್ನು ಮೋಸಗೊಳಿಸಿ ಶಭಾಸ್ ಎನಿಸಿಕೊಂಡ ಹುಡುಗನು ನಾಳೆ ಸಂತೆಯಲ್ಲಿ ತಕ್ಕಡಿ ಹಿಡಿಯುವನು. ನಮ್ಮ ಸಭೆಯವರ ಮಾತನ್ನು ನೆರೆಯವರು ನಂಬುವದೂ ನಂಬದಿರುವದೂ ಅವನ ಕೈಯಲ್ಲಿರುವದು. ಆದದರಿಂದ ಮಗನು ಗೆದ್ದು ಬಂದಾಗ, “ಎಷ್ಟು ಅಂಕ?” ಎಂದು ಮಾತ್ರವಲ್ಲ, “ಹೇಗೆ ಗೆದ್ದೆ, ಮಗುವೇ?” ಎಂದೂ ಕೇಳಿರಿ.

ವಿಚಾರಿಸತಕ್ಕ ಪ್ರಶ್ನೆಗಳು: (1) ಉಪಾಯಕ್ಕೂ ವಂಚನೆಗೂ ಭೇದವೇನು? (2) ಸೋತವನ ಮುಖವನ್ನು ನೋಡಿ ನಮ್ಮ ಉಪಾಯವನ್ನು ನಾಚಿಕೆಯಿಲ್ಲದೆ ಹೇಳಬಲ್ಲೆವೋ? (3) ಮಕ್ಕಳು ಮೋಸ ಕಲಿತರೆ ಅದರ ಲೆಕ್ಕವನ್ನು ಯಾರು ಒಪ್ಪಿಸಬೇಕು?