ದಮ್ಮಿನ ಮಕ್ಕಳ ಆಟ ಮತ್ತು ನಿದ್ರೆ: ಅಳೆಯುವ ಬಗೆ

ಹಗಲಿನ ಆಟ, ಇರುಳಿನ ನಿದ್ರೆ ಇವೆರಡೂ ಮಗುವಿನ ಆರೋಗ್ಯಕ್ಕೆ ಹಿಡಿದ ಕನ್ನಡಿಗಳು. ದಮ್ಮು ಮೊದಲಾದ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಇರುವ ಮಕ್ಕಳಲ್ಲಿ ಮೊದಲು ಮಸುಕಾಗುವುವೂ ಈ ಎರಡೇ. ತರಗತಿಯಲ್ಲಿ ತೂಕಡಿಸುವ ಹುಡುಗನನ್ನು ಸೋಮಾರಿಯೆಂದೂ, ಆಟದ ಬಯಲಿನ ಅಂಚಿನಲ್ಲಿ ಕುಳಿತ ಹುಡುಗಿಯನ್ನು ಅಂಜುಬುರುಕಿಯೆಂದೂ ಎಣಿಸುವ ಮುನ್ನ ಕಾರಣವನ್ನು ಅರಸುವುದು ಉಪಾಧ್ಯಾಯರ ಕರ್ತವ್ಯವಾಗಿದೆ.

ಬೆಂಗಳೂರಿನ ಮಕ್ಕಳ ತಜ್ಞರಾದ ಡಾ. ಎಚ್. ಪರಮೇಶ್ ಅವರು 18 ವರ್ಷದೊಳಗಿನ ಸುಮಾರು 20,000 ಮಕ್ಕಳನ್ನು ಕುರಿತು ಪ್ರಕಟಿಸಿದ ಅಂಕಿಗಳು ಚಿಂತನಾರ್ಹವಾಗಿವೆ. 1979ರಲ್ಲಿ ಶೇಕಡಾ 9ರಷ್ಟಿದ್ದ ದಮ್ಮು 1989ರಲ್ಲಿ 18.5ಕ್ಕೂ, 1999ರಲ್ಲಿ 29.5ಕ್ಕೂ ಏರಿತು. ಅದು ನಗರದ ಮಾತು. ಆದರೆ ಮಳೆ ಕಡಿಮೆಯಾದ ನಮ್ಮ ಜಗಳೂರು ಸೀಮೆಯ ಬಿಳಿಚೋಡಿನಂಥ ಊರುಗಳಲ್ಲಿಯೂ ಬೇಸಗೆಯ ಧೂಳು, ಮೆಕ್ಕೆಜೋಳ ಒಕ್ಕುವಾಗ ಏಳುವ ಹೊಟ್ಟು, ಸೌದೆ ಒಲೆಯ ಹೊಗೆ ಇವು ಶ್ವಾಸನಾಳಗಳನ್ನು ಕೆರಳಿಸಬಲ್ಲವು.

ಆಟದ ಅಳತೆ

ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಹೇಳಿರುವಂತೆ 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ಚುರುಕಾದ ಚಟುವಟಿಕೆ ಅಗತ್ಯ. ಇದನ್ನು ನೆನಪಿನಿಂದ ಹೇಳಿಸಿದರೆ ಲೆಕ್ಕ ತಪ್ಪುತ್ತದೆ. ಏಕೆಂದರೆ ಮಕ್ಕಳು ದೊಡ್ಡವರಂತೆ ಒಂದೇ ಸಮನೆ ನಡೆಯುವುದಿಲ್ಲ. ಕೆಲವು ಕ್ಷಣ ಓಡಿ, ನಿಂತು, ಮತ್ತೆ ಓಡುತ್ತಾರೆ. ಆದಕಾರಣ ಸಂಶೋಧಕರು ಕೈಗಡಿಯಾರದಂತೆ ಕಟ್ಟಿಕೊಳ್ಳುವ ಆಕ್ಟಿಗ್ರಾಫ್ ಎಂಬ ಉಪಕರಣದಿಂದ ಚಲನೆಯನ್ನು ಎಣಿಸುತ್ತಾರೆ. ರಜೆಯ ದಿನಕ್ಕೂ ಶಾಲೆಯ ದಿನಕ್ಕೂ ಅಂತರವಿರುವುದರಿಂದ ಸಾಮಾನ್ಯವಾಗಿ 7 ದಿನ ಧರಿಸಲು ಹೇಳುವುದು ವಾಡಿಕೆ.

ನಿದ್ರೆಯ ಅಳತೆ

6ರಿಂದ 12 ವರ್ಷದವರಿಗೆ 9ರಿಂದ 12 ಗಂಟೆ, 13ರಿಂದ 18 ವರ್ಷದವರಿಗೆ 8ರಿಂದ 10 ಗಂಟೆ ನಿದ್ರೆ ಬೇಕು. ಹಾಸಿಗೆಯಲ್ಲಿದ್ದ ಹೊತ್ತೆಲ್ಲ ನಿದ್ರೆಯಲ್ಲ. ರಾತ್ರಿ 9ಕ್ಕೆ ಮಲಗಿ ಬೆಳಿಗ್ಗೆ 6ಕ್ಕೆ ಏಳುವ ಮಗು 540 ನಿಮಿಷ ಹಾಸಿಗೆಯಲ್ಲಿರುತ್ತದೆ. ನಿದ್ರೆ ಹತ್ತಲು 30 ನಿಮಿಷ, ನಡುರಾತ್ರಿಯ ಕೆಮ್ಮಿಗೆ 60 ನಿಮಿಷ ಹೋದರೆ ಉಳಿಯುವುದು 450, ಅಂದರೆ ಶೇಕಡಾ 83 ಮಾತ್ರ. ಇದು 85ಕ್ಕಿಂತ ಮೇಲಿದ್ದರೆ ಲೇಸು. ಉಪಕರಣವು ಅಲುಗಾಡದೆ ಎಚ್ಚರವಾಗಿರುವ ಮಗುವನ್ನೂ ನಿದ್ರಿಸುತ್ತಿದೆಯೆಂದೇ ಬಗೆಯುವುದುಂಟು. ಆದ್ದರಿಂದ ತಾಯಿ ಬರೆದಿಟ್ಟ ದಿನಚರಿಯೂ ಜೊತೆಗಿರಬೇಕು.

ಶಾಲೆಯಲ್ಲಿ ಮಾಡಬಹುದಾದುದು

ಬೆಲೆಬಾಳುವ ಉಪಕರಣವಿಲ್ಲದಿದ್ದರೂ ಒಂದು ನೋಟುಪುಸ್ತಕ ಸಾಕು. ಮಲಗಿದ ಹೊತ್ತು, ಎದ್ದ ಹೊತ್ತು, ರಾತ್ರಿ ಕೆಮ್ಮಿ ಎಚ್ಚೆತ್ತ ಸಲ, ಆಡಿದ ನಿಮಿಷ, ಆಟದ ನಡುವೆ ಕುಳಿತ ಸಲ ಇವನ್ನು ಒಂದು ವಾರ ಗುರುತಿಸಲಿ. ಓಟ ನಿಂತ 5–10 ನಿಮಿಷಗಳಲ್ಲಿ ಎದೆ ಬಿಗಿಯುವುದೋ, ಸಿಳ್ಳಿನ ಸದ್ದು ಬರುವುದೋ ಎಂಬುದನ್ನು ವ್ಯಾಯಾಮ ಶಿಕ್ಷಕರು ಗಮನಿಸಲಿ. ಆ ಪುಸ್ತಕದೊಡನೆ ಮಗುವನ್ನು ದಾವಣಗೆರೆಯ ಮಕ್ಕಳ ವೈದ್ಯರಲ್ಲಿಗೆ ಕಳುಹಿಸಿದರೆ ಚಿಕಿತ್ಸೆಗೆ ದಾರಿ ಸುಲಭವಾಗುತ್ತದೆ.

ಇಂತಹ ಮಗುವನ್ನು ಆಟದಿಂದ ದೂರವಿಡುವುದು ಪರಿಹಾರವಲ್ಲ. ಕಾಯಿಲೆ ಹತೋಟಿಯಲ್ಲಿದ್ದರೆ ಅದೂ ಎಲ್ಲರೊಡನೆ ಓಡಬಲ್ಲದು. ಇನ್‌ಹೇಲರ್ ಚಟವಾಗುತ್ತದೆಂಬ ಭಯವೂ ನಿರಾಧಾರವಾದುದು. ಉಸಿರಿನ ರಭಸವನ್ನು ಅಳೆಯುವ ಪೀಕ್ ಫ್ಲೋ ಮೀಟರ್ ಎಂಬ ಸಣ್ಣ ಕೊಳವೆಯೊಂದನ್ನು ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಶಾಲೆಗೆ ಒದಗಿಸಿದರೆ ಅದು ಸಾರ್ಥಕ ಸೇವೆಯಾದೀತು. ಅಳೆದು ತಿಳಿದ ಮೇಲೆ ಬಯಲಿನ ಅಂಚಿನಲ್ಲಿ ಯಾವ ಮಗುವೂ ಕಾರಣವಿಲ್ಲದೆ ಕೂರಬೇಕಾಗಿಲ್ಲ.